ಕಾಣದ ಸೋರಿಕೆ

ಜಯನಗರದ ಮನೆಯೊಂದರಲ್ಲಿ ನಲ್ಲಿಯು ತೊಟ್ಟಿಕ್ಕತೊಡಗಿದರೆ ಆ ಸದ್ದೇ ಮನೆಯವರನ್ನು ಎಚ್ಚರಿಸುತ್ತದೆ. ಸುಮಾರು 100 ಕಿಲೋಮೀಟರ್ ದೂರದಿಂದ ಬಂದ ಕಾವೇರಿಯ ನೀರು ಪೋಲಾಗಬಾರದೆಂದು ಅವರು ಪ್ಲಂಬರನನ್ನು ಕರೆಸುತ್ತಾರೆ. ಅದೇ ಬಡಾವಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ತಂತ್ರಜ್ಞನು ಹುಡುಕುವ ಸೋರಿಕೆಗೆ ಸದ್ದೂ ಇಲ್ಲ, ತೇವವೂ ಇಲ್ಲ. ಅದು ಮೆಮೊರಿಯ ಸೋರಿಕೆ.

ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನವೇ ಕಂಪೈಲರ್. ತಿರುಗಿಸುವಾಗ ಅದು ಅನಾವಶ್ಯಕ ಲೆಕ್ಕಗಳನ್ನು ತೆಗೆದುಹಾಕಿ ಪ್ರೋಗ್ರಾಮನ್ನು ಚುರುಕುಗೊಳಿಸುತ್ತದೆ. ಜಾನ್ ಬ್ಯಾಕಸ್ ಮತ್ತು ಸಂಗಡಿಗರ ಫೋರ್ಟ್ರಾನ್ ಕಂಪೈಲರು 1957ರಲ್ಲಿಯೇ ಈ ಕಾರ್ಯವನ್ನು ಸಾಧಿಸಿತು. ಬೆಂಗಳೂರಿಗೂ ಈ ವಿದ್ಯೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ, ಕಂಪೈಲರುಗಳನ್ನು ಕುರಿತ ಕೈಪಿಡಿಯು 2002ರಲ್ಲಿ ಪ್ರಕಟವಾಯಿತು.

ಚುರುಕುಗೊಳಿಸುವ ಕಾರ್ಯದಲ್ಲಿ ಕಂಪೈಲರು ತನ್ನ ಲೆಕ್ಕಗಳನ್ನು ಬರೆದಿಡಲು ಮೆಮೊರಿಯಲ್ಲಿ ಸ್ಥಳವನ್ನು ಎರವಲು ಪಡೆಯುತ್ತದೆ. ಗ್ರಂಥಾಲಯದ ಪುಸ್ತಕದಂತೆ, ಕೆಲಸ ಮುಗಿದೊಡನೆ ಅದನ್ನು ಹಿಂದಿರುಗಿಸಬೇಕು. ಮರೆತರೆ ಅದೇ ಸೋರಿಕೆ.

"ಕಂಪೈಲರು ಕೆಲವೇ ಕ್ಷಣ ಓಡಿ ನಿಲ್ಲುತ್ತದೆ. ನಿಂತೊಡನೆ ಸ್ಥಳವೆಲ್ಲವೂ ತಾನಾಗಿಯೇ ಬಿಡುಗಡೆಯಾಗುತ್ತದೆ. ಸೋರಿದರೆ ನಷ್ಟವೇನು?" ಎಂದು ಕೇಳುವವರುಂಟು. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ದೊಡ್ಡ ಪ್ರೋಗ್ರಾಮಿನ ಸಾವಿರಾರು ಭಾಗಗಳಲ್ಲಿ ಒಂದೊಂದೂ ಅಷ್ಟಿಷ್ಟು ಸ್ಥಳವನ್ನು ನುಂಗಿದರೆ, ಕೆಲಸ ಮುಗಿಯುವ ಮೊದಲೇ ಮೆಮೊರಿ ಬರಿದಾದೀತು. ಅಲ್ಲದೆ, ದಿನಗಟ್ಟಲೆ ನಿಲ್ಲದೆ ನಡೆಯುವ ಪ್ರೋಗ್ರಾಮುಗಳ ಒಳಗೂ ಇಂದು ಕಂಪೈಲರುಗಳು ದುಡಿಯುತ್ತಿವೆ.

ಸಣ್ಣ ಮರೆವು ಎಷ್ಟು ದೊಡ್ಡದಾಗಬಲ್ಲದೆಂಬುದಕ್ಕೆ ಲಂಡನ್ನಿನ ಆಂಬುಲೆನ್ಸ್ ಸೇವೆಯೇ ಸಾಕ್ಷಿ. ಅಲ್ಲಿಯದು ಕಂಪೈಲರಲ್ಲ, ವಾಹನಗಳನ್ನು ಕಳುಹಿಸುವ ವ್ಯವಸ್ಥೆ. ಪ್ರತಿಸಲ ವಾಹನವನ್ನು ಕಳುಹಿಸಿದಾಗಲೂ ಅಲ್ಪ ಸ್ಥಳ ಬಿಡುಗಡೆಯಾಗದೆ ಉಳಿಯುತ್ತಿತ್ತು. ಸುಮಾರು ಮೂರು ವಾರಗಳಲ್ಲಿ ಮೆಮೊರಿ ತುಂಬಿ, 1992ರ ನವೆಂಬರ್ 4ರಂದು ವ್ಯವಸ್ಥೆಯೇ ನಿಂತಿತು. ಸಿಬ್ಬಂದಿಯು ಕಾಗದದ ಮೊರೆಹೋಗಬೇಕಾಯಿತು.

ಸೋರಿಕೆಯನ್ನು ಮುಚ್ಚಲು ಒಮ್ಮೊಮ್ಮೆ ಒಂದೇ ಸಾಲು ಸಾಕು. ಆ ಸಾಲಿನ ಜಾಗವನ್ನು ಕಂಡುಹಿಡಿಯಲು ದಿನಗಳೇ ಬೇಕಾಗಬಹುದು. ಸ್ಥಳವನ್ನು ಪಡೆದವರಾರು, ಕಡೆಯದಾಗಿ ಬಳಸಿದವರಾರು ಎಂದು ಹೆಜ್ಜೆಹೆಜ್ಜೆಗೂ ಪರಿಶೀಲಿಸಬೇಕು. ಅವಸರಪಟ್ಟು, ಇನ್ನೊಂದು ಭಾಗವು ಬಳಸುತ್ತಿರುವ ಸ್ಥಳವನ್ನೇ ಹಿಂದಿರುಗಿಸಿದರೆ ಸೋರಿಕೆಗಿಂತಲೂ ಘೋರವಾದ ಪ್ರಮಾದವಾಗುತ್ತದೆ.

ಹೊಸದನ್ನು ಕಟ್ಟಿದವರಿಗೆ ಲೋಕವು ಹಾರ ಹಾಕುತ್ತದೆ. ಕಟ್ಟಿದ್ದನ್ನು ಸೋರದಂತೆ ಕಾಯ್ದವರ ಹೆಸರು ಯಾರಿಗೂ ತಿಳಿಯದು. ಆದರೂ ಅವರ ದುಡಿಮೆಯಿಂದಲೇ ಕಟ್ಟಡವು ನಿಂತಿರುತ್ತದೆ. ಪಡೆದುದನ್ನು ಹಿಂದಿರುಗಿಸುವ ಶಿಸ್ತು ಮನುಷ್ಯನಲ್ಲಿದ್ದರೆ ಮಾತ್ರ ಅವನು ರೂಪಿಸಿದ ಯಂತ್ರದಲ್ಲಿಯೂ ಇರುತ್ತದೆ.