ಸೇಫ್ ಅಂದ್ರೆ ಯಾರಿಗೆ ಸ್ವಾಮಿ?

ಲೆಸ್ಟರ್‌ನಲ್ಲಿ ಎಂ.ಎಸ್. ಓದ್ತಿರೋ ನಮ್ಮೂರ ಕಡೆಯ ಹುಡುಗನೊಬ್ಬ ಒಂದು ಚಳಿಗಾಲದ ರಾತ್ರಿ ನಂಗೆ ವಾಟ್ಸಾಪ್ ಮಾಡಿದ. ಒಂದು ಸ್ಕ್ರೀನ್‌ಶಾಟು, ಅದರ ಕೆಳಗೆ ಮೂರೇ ಪದ: "ಅಣ್ಣಾ, ಇದು ಸೇಫಾ?"

ಸ್ಕ್ರೀನ್‌ಶಾಟಲ್ಲಿ ಇದ್ದದ್ದು ಬ್ರಿಟಿಷ್ ಆಟಗಾರರಿಗೆ ಅತ್ಯಂತ ಸುರಕ್ಷಿತವಾದ ಆನ್‌ಲೈನ್ ಕ್ಯಾಸಿನೊಗಳು ಅನ್ನೋ ಒಂದು ಪಟ್ಟಿ. ಒಂದೊಂದು ಹೆಸರಿನ ಮುಂದೂ ನಕ್ಷತ್ರಗಳು, ಹಸಿರು ಟಿಕ್ ಮಾರ್ಕು, ಯಾವ ಕಾರ್ಡು ನಡೆಯುತ್ತೆ, ದುಡ್ಡು ಎಷ್ಟು ಬೇಗ ಒಳಗೆ ಹೋಗುತ್ತೆ, ಎಷ್ಟು ಬೇಗ ಹೊರಗೆ ಬರುತ್ತೆ ಅನ್ನೋ ವಿವರ. ಥೇಟ್ ಪ್ರೆಶರ್ ಕುಕ್ಕರ್‌ಗೆ ಐ.ಎಸ್.ಐ. ಮಾರ್ಕ್ ಇದೆಯಾ ಅಂತ ನೋಡೋ ಹಾಗೆ.

ನಾನು ಪೇಮೆಂಟ್ಸ್ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡೋನು. ಕೇಳಿದ್ದೇ ತಡ, ಜ್ಞಾನ ಉಕ್ಕಿ ಬಂತು. ಗ್ಯಾಂಬ್ಲಿಂಗ್ ಕಮಿಷನ್ನಿನ ಪಬ್ಲಿಕ್ ರಿಜಿಸ್ಟರ್‌ನಲ್ಲಿ ಲೈಸೆನ್ಸ್ ನಂಬರ್ ಹುಡುಕು, ಕಾರ್ಡ್ ಡೀಟೇಲ್ಸ್ ಸೇವ್ ಮಾಡ್ಬೇಡ, ಕ್ರಿಪ್ಟೊ ಕೇಳಿದ್ರೆ ಓಡಿ ಬಾ ಅಂತ ಉದ್ದಕ್ಕೆ ಟೈಪ್ ಮಾಡಿ ಕಳಿಸಿದೆ. ಮಾಡಿ ಮುಗಿಸಿ ಸಮಾಧಾನದಿಂದ ಮಲಗಿದೆ. ಅವನು ನಾನು ಹೇಳಿದ್ದನ್ನೆಲ್ಲ ಅಚ್ಚುಕಟ್ಟಾಗಿ ಪಾಲಿಸಿದ. ಲೈಸೆನ್ಸ್ ಇರೋ ಸೈಟಲ್ಲೇ, ಸ್ವಂತ ಡೆಬಿಟ್ ಕಾರ್ಡಲ್ಲೇ, ಒಂದು ಪೈಸೆ ಮೋಸ ಇಲ್ಲದೆ, ಎರಡು ತಿಂಗಳಲ್ಲಿ 1,900 ಪೌಂಡ್ ಕಳೆದ. ಅದು ಫೀಸಿನ ಕೊನೇ ಕಂತಿಗೆ ಅಂತ ಅವರಪ್ಪ ಕಳಿಸಿದ್ದ ದುಡ್ಡು.

ಅವತ್ತಿಂದ ಈ 'ಸೇಫ್' ಅನ್ನೋ ಪದ ಕೇಳಿದ್ರೆ ನಂಗೆ ಮೈ ಉರಿಯುತ್ತೆ.

ಬ್ರಿಟನ್ನಿನಲ್ಲಿ ಕಾನೂನೇ ಇಲ್ಲ ಅಂತ ನಾನು ಹೇಳ್ತಿಲ್ಲ. ಇದೆ, ಬೇಕಾದಷ್ಟಿದೆ. 2005ರ ಗ್ಯಾಂಬ್ಲಿಂಗ್ ಆಕ್ಟ್ ಇದೆ. 2014ರಲ್ಲಿ ಅದನ್ನ ಬಿಗಿ ಮಾಡಿ, ಕಂಪನಿ ಜಿಬ್ರಾಲ್ಟರ್‌ನಲ್ಲಿ ಕೂತಿರಲಿ, ಮಾಲ್ಟಾದಲ್ಲಿ ಕೂತಿರಲಿ, ಇಲ್ಲಿನ ಜನರ ಜೊತೆ ಆಡಿಸ್ಬೇಕು ಅಂದ್ರೆ ಇಲ್ಲಿನ ಲೈಸೆನ್ಸೇ ಬೇಕು ಅಂದ್ರು. 2020ರ ಏಪ್ರಿಲ್ 14ರಿಂದ ಕ್ರೆಡಿಟ್ ಕಾರ್ಡಲ್ಲಿ ಜೂಜಾಡೋ ಹಾಗಿಲ್ಲ. ಸಾಲದ ದುಡ್ಡಲ್ಲಿ ಆಡ್ಬೇಡಿ ಅನ್ನೋದು ಅದರ ಅರ್ಥ. ಗೆದ್ದ ದುಡ್ಡನ್ನ ವಿತ್‌ಡ್ರಾ ಮಾಡೋಕೆ ಹಾಕಿದ ಮೇಲೆ, ಅದು ಬ್ಯಾಂಕಿಗೆ ತಲುಪೋದ್ರೊಳಗೆ "ವಾಪಸ್ ತಗೊಂಡು ಇನ್ನೊಂದಾಟ ಆಡ್ತೀರಾ?" ಅಂತ ಆಸೆ ತೋರಿಸ್ತಿದ್ರಲ್ಲ, ಅದನ್ನ 2021ರಲ್ಲಿ ನಿಲ್ಲಿಸಿದ್ರು. ಅದೇ ವರ್ಷ ಸ್ಲಾಟ್ ಆಟದಲ್ಲಿ ಒಂದು ಸುತ್ತಿಗೂ ಇನ್ನೊಂದಕ್ಕೂ ಕನಿಷ್ಠ ಎರಡೂವರೆ ಸೆಕೆಂಡ್ ಇರ್ಬೇಕು ಅಂದ್ರು, ತಾನೇ ತಿರುಗ್ತಾ ಹೋಗೋ ಆಟೋಪ್ಲೇ ಬಂದ್ ಮಾಡಿದ್ರು. ಒಂದು ಪೌಂಡ್ ಹಾಕಿ ನಲವತ್ತು ಪೆನ್ನಿ ಬಂದಾಗಲೂ ಗೆದ್ರಿ ಅಂತ ಗಂಟೆ ಬಾರಿಸಿ ಕುಣೀತಿತ್ತು ಮೆಷೀನು, ಅದನ್ನೂ ನಿಲ್ಲಿಸಿದ್ರು. 2025ರಲ್ಲಿ ಆನ್‌ಲೈನ್ ಸ್ಲಾಟ್‌ಗೆ ಮಿತಿ ಬಂತು: ಒಂದು ಸುತ್ತಿಗೆ ಐದು ಪೌಂಡ್‌ಗಿಂತ ಜಾಸ್ತಿ ಇಲ್ಲ, 18ರಿಂದ 24 ವಯಸ್ಸಿನವರಿಗೆ ಎರಡು ಪೌಂಡ್.

ಎಷ್ಟು ಚೆಂದ ಅಲ್ವಾ? ಈಗ ಒಂದು ಲೆಕ್ಕ ಮಾಡೋಣ, ಪೆನ್ನು ತಗೊಳ್ಳಿ.

ಎರಡೂವರೆ ಸೆಕೆಂಡಿಗೊಂದು ಸುತ್ತು ಅಂದ್ರೆ ನಿಮಿಷಕ್ಕೆ 24, ಗಂಟೆಗೆ 1,440. ಸುತ್ತಿಗೆ ಎರಡು ಪೌಂಡ್ ಹಾಕಿದ್ರೆ ಗಂಟೆಗೆ 2,880 ಪೌಂಡ್ ಪಣ. ಸ್ಲಾಟು 96 ಶೇಕಡಾ ವಾಪಸ್ ಕೊಡುತ್ತೆ ಅಂತ ಜಾಹೀರಾತು ಹೇಳುತ್ತೆ ಅಂದ್ಕೊಳ್ಳಿ. ಕೇಳೋಕೆ ಎಷ್ಟು ಉದಾರ! ಆದ್ರೆ ಆ 96 ನೀವು ಜೇಬಿಂದ ಹಾಕಿದ ದುಡ್ಡಿನ ಮೇಲಲ್ಲ ಸ್ವಾಮಿ, ಪ್ರತಿ ಸುತ್ತಿನ ಪಣದ ಮೇಲೆ. ಬಂದದ್ದನ್ನೇ ಮತ್ತೆ ಹಾಕ್ತೀರಿ, ಮತ್ತೆ ನಾಲ್ಕು ಶೇಕಡಾ ಹೋಗುತ್ತೆ, ಉಳಿದದ್ದನ್ನ ಮತ್ತೆ ಹಾಕ್ತೀರಿ. ಗಂಟೆಗೆ ಸರಾಸರಿ ನಷ್ಟ 115 ಪೌಂಡ್. ನಮ್ಮ ಹುಡುಗನ ವಯಸ್ಸು 23, ಅಂದ್ರೆ ಕಾನೂನು ಅತಿ ಹೆಚ್ಚು ಕಾಳಜಿ ತೋರಿಸಿರೋ ಗುಂಪು. ಅವನು ವೇರ್‌ಹೌಸ್‌ನಲ್ಲಿ ಡಬ್ಬ ಎತ್ತಿ ಗಂಟೆಗೆ ಸಂಪಾದಿಸ್ತಿದ್ದದ್ದು ಆಗಿನ ಕನಿಷ್ಠ ಕೂಲಿ, 12 ಪೌಂಡ್ 21 ಪೆನ್ನಿ. ಒಂದು ಗಂಟೆಯ 'ಸುರಕ್ಷಿತ' ಆಟ ಅವನ ಒಂಬತ್ತು ಗಂಟೆಗೂ ಹೆಚ್ಚಿನ ಬೆವರನ್ನ ತಿನ್ನುತ್ತೆ. ಇನ್ನೆರಡು ವರ್ಷ ದೊಡ್ಡವನಾಗಿದ್ದಿದ್ರೆ ಐದು ಪೌಂಡಿನ ಮಿತಿ. ಆಗ ಗಂಟೆಗೆ 288. ಸ್ಟೂಡೆಂಟ್ ವೀಸಾದಲ್ಲಿ ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡೀಬಹುದು, ಅಂದ್ರೆ ಆ ಕೂಲಿಗೆ 244 ಪೌಂಡ್. ವಾರದ ದುಡಿಮೆ ಒಂದೇ ಗಂಟೆಗೆ ಸಾಲೋದಿಲ್ಲ. ಇದರಲ್ಲಿ ಕಾನೂನು ಮುರಿದವರು ಯಾರೂ ಇಲ್ಲ ನೋಡಿ.

ಪಟ್ಟಿ ಬರೆಯೋರು ಈ ಲೆಕ್ಕ ಹೇಳೋದಿಲ್ಲ. ಅವರ ಪ್ರಕಾರ ಸೇಫ್ ಅಂದ್ರೆ ನಿಮ್ಮ ದುಡ್ಡು ದಾರೀಲಿ ಕಳ್ಳರ ಪಾಲಾಗದೆ ಕ್ಯಾಸಿನೊ ತಲುಪೋದು. ಮೇಕೆ ಕಟುಕನ ಮನೆಗೆ ಸೇಫಾಗಿ ತಲುಪಿದ ಹಾಗೆ. ಮತ್ತೆ ಆ ಪಟ್ಟಿ ಬರೆಯೋರಲ್ಲಿ ಬಹಳಷ್ಟು ಜನ ಕಮಿಷನ್ ಏಜೆಂಟರು. ಅವರ ಲಿಂಕ್ ಒತ್ತಿ ನೀವು ಖಾತೆ ತೆರೆದ್ರೆ ತಲೆಗಿಷ್ಟು ಅಂತಲೋ, ನೀವು ಸೋತದ್ದರಲ್ಲಿ ಇಷ್ಟು ಶೇಕಡಾ ಅಂತಲೋ ಅವರಿಗೆ ಸಂದಾಯ. ನೀವು ಸೋತಷ್ಟೂ ನಿಮ್ಮ ಹಿತೈಷಿಗೆ ಲಾಭ!

ಅಲ್ಲಿ ಇಟ್ಟ ದುಡ್ಡಾದ್ರೂ ಭದ್ರವಾ? ಕಂಪನಿ ದಿವಾಳಿಯಾದ್ರೆ ಆಟಗಾರರ ದುಡ್ಡಿಗೆ ಎಷ್ಟು ರಕ್ಷಣೆ ಇದೆ ಅಂತ ಲೈಸೆನ್ಸ್ ಪಡೆದವರು ಹೇಳಲೇಬೇಕು, ಅದು ನಿಯಮ. ರಕ್ಷಣೆ ಕೊಡಲೇಬೇಕು ಅನ್ನೋ ನಿಯಮ ಇಲ್ಲ. "ನಿಮ್ಮ ದುಡ್ಡಿಗೆ ರಕ್ಷಣೆ ಇಲ್ಲ" ಅಂತ ಆಟಗಾರನಿಗೆ ತಿಳಿಸಿದ್ರೆ ಸಾಕು, ಕರ್ತವ್ಯ ಪಾಲಿಸಿದ ಹಾಗಾಯ್ತು. ಬ್ಯಾಂಕ್ ಠೇವಣಿಗೆ ಇರೋ ವಿಮೆ ಇದಕ್ಕಿಲ್ಲ.

ಇನ್ನು ಲೈಸೆನ್ಸ್ ಮಹಿಮೆ. 2023ರ ಮಾರ್ಚ್‌ನಲ್ಲಿ ವಿಲಿಯಂ ಹಿಲ್ ಗುಂಪಿನ ಕಂಪನಿಗಳಿಗೆ ಗ್ಯಾಂಬ್ಲಿಂಗ್ ಕಮಿಷನ್ 1.92 ಕೋಟಿ ಪೌಂಡ್ ದಂಡ ಬಡೀತು. ಹೊಸದಾಗಿ ಖಾತೆ ತೆರೆದ ಒಬ್ಬ ಗ್ರಾಹಕ 20 ನಿಮಿಷದಲ್ಲಿ 23,000 ಪೌಂಡ್ ಖರ್ಚು ಮಾಡಿದ್ರೂ ಯಾರೂ ಏನೂ ವಿಚಾರಿಸಿರಲಿಲ್ಲ ಅನ್ನೋದು ಆಗ ಹೊರಬಿದ್ದ ಸಂಗತಿಗಳಲ್ಲಿ ಒಂದು. ಇದು ಯಾವುದೋ ದ್ವೀಪದ ಕಳ್ಳ ಸೈಟಲ್ಲ, ಬ್ರಿಟನ್ನಿನ ಬೀದಿ ಬೀದಿಯಲ್ಲಿ ಅಂಗಡಿ ಇರೋ ಹಳೇ ಹೆಸರು. ಯಾವ ಪಟ್ಟಿಯಲ್ಲಾದ್ರೂ ಹಸಿರು ಟಿಕ್ ಗ್ಯಾರಂಟಿ.

ಈಗ ನನ್ನ ಪಾಪ ಒಪ್ಕೊಳ್ಳೋ ಸಮಯ. ಕೆಲವು ವರ್ಷದ ಹಿಂದೆ ನಾನಿದ್ದ ಕಂಪನಿಗೆ ಗೇಮಿಂಗ್ ಗ್ರಾಹಕರಿದ್ರು. ದುಡ್ಡು ಹಾಕೋ ಪೇಜಲ್ಲಿ ಮೂರು ಸ್ಟೆಪ್ ಇತ್ತು, ನಮ್ಮ ಟೀಮು ಅದನ್ನ ಒಂದು ಮಾಡಿತು. ಕಾರ್ಡ್ ನೆನಪಿಟ್ಕೋ, ಹಿಂದಿನ ಸಲದ ಮೊತ್ತವನ್ನ ಮೊದಲೇ ತುಂಬಿಸಿಡು, ಬಟನ್ನು ಹೆಬ್ಬೆರಳಿಗೆ ಸಿಗೋ ಜಾಗದಲ್ಲಿಡು. ನಂಗೆ ಆ ವರ್ಷ ಒಳ್ಳೇ ರೇಟಿಂಗ್ ಸಿಕ್ತು, ಬೋನಸ್‌ನಲ್ಲಿ ಅಮ್ಮಂಗೆ ಬಳೆ ಮಾಡಿಸ್ದೆ. ದುಡ್ಡು ವಾಪಸ್ ತಗೊಳ್ಳೋ ಪೇಜು? ಅದರಲ್ಲಿ ಏಳು ಸ್ಟೆಪ್ ಇತ್ತು. ನಾನು ಅಲ್ಲಿದ್ದಷ್ಟು ದಿನ ಅದನ್ನ ಕಡಿಮೆ ಮಾಡಿ ಅಂತ ಯಾರೂ ಟಿಕೆಟ್ ಹಾಕಲಿಲ್ಲ.

ಇದೇ ನನ್ನ ತಕರಾರಿನ ಮೂಲ. ಊರಲ್ಲಿ ದೀಪಾವಳಿ ರಾತ್ರಿ ಅಂದರ್ ಬಾಹರ್ ಆಡೋರನ್ನ ನಾವೆಲ್ಲ ನೋಡಿದೀವಿ. ಜೇಬು ಖಾಲಿಯಾದ್ರೆ ಎದ್ದು ಮನೇಗೆ ಹೋಗ್ಬೇಕು. ಕತ್ತಲು, ಚಳಿ, ಬೀದಿನಾಯಿ. ಬಾಗಿಲು ತೆಗೆಯೋ ಹೆಂಡತಿ "ಏನ್ರೀ ಮತ್ತೆ ಬಂದ್ರಿ?" ಅಂತ ಕೇಳ್ತಾಳೆ. ಪಕ್ಕದವನ ಹತ್ರ ಸಾಲ ಕೇಳಿದ್ರೆ ಬೆಳಿಗ್ಗೆ ಊರಿಗೆಲ್ಲ ಸುದ್ದಿ. ಇಷ್ಟೆಲ್ಲ ಅಡ್ಡಿ ದಾಟಿಯೂ ಜಮೀನು ಕಳ್ಕೊಂಡವರಿದ್ರು, ಇಲ್ಲ ಅನ್ನಲ್ಲ. ಆದ್ರೆ ಎಷ್ಟೋ ಜನರನ್ನ ಉಳಿಸಿದ್ದು ಆ ನಡಿಗೆ, ಆ ನಾಚಿಕೆ. ಈಗ ಲೈವ್ ಕ್ಯಾಸಿನೊಗಳಲ್ಲಿ ಅಂದರ್ ಬಾಹರ್ ಟೇಬಲ್ಲೂ ಇದೆ, ನಮ್ಮವರನ್ನ ಸೆಳೆಯೋಕೆ. ಆಟ ಅದೇ, ನಡಿಗೆಯನ್ನ ಮಾತ್ರ ನನ್ನಂಥೋರು ಕೂತು ಅಳಿಸಿಹಾಕಿದ್ದೀವಿ. ಅದಕ್ಕೆ 'ಸೀಮ್‌ಲೆಸ್ ಎಕ್ಸ್‌ಪೀರಿಯೆನ್ಸ್' ಅಂತ ಹೆಸರು.

ಅವರವರ ದುಡ್ಡು ಅವರವರ ಇಷ್ಟ, ನೀವ್ಯಾರ್ರೀ ಕೇಳೋಕೆ ಅಂತ ಸ್ನೇಹಿತರು ಜಗಳಕ್ಕೆ ಬರ್ತಾರೆ. ಇಷ್ಟ ಅಂದ್ರೆ ಎರಡೂ ಕಡೆ ಸಮ ಇರ್ಬೇಕಲ್ವಾ? ರಾತ್ರಿ ಎರಡು ಗಂಟೆಗೆ ಒಂದು ಹೆಬ್ಬೆರಳಲ್ಲಿ ನೂರು ಪೌಂಡ್ ಒಳಗೆ ಹೋಗುತ್ತೆ. ಹೊರಗೆ ತರ್ಬೇಕು ಅಂದಾಗ ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿ, ದುಡ್ಡಿನ ಮೂಲ ತೋರಿಸಿ. ಮೊದಲೇ ಕೇಳಬಹುದಾಗಿದ್ದ ದಾಖಲೆಯನ್ನ ವಿತ್‌ಡ್ರಾ ಮಾಡುವಾಗ ಕೇಳೋ ಹಾಗಿಲ್ಲ ಅಂತ 2019ರಿಂದ ನಿಯಮ ಇದೆ. ಹಾಗಿದ್ರೂ ನಮ್ಮ ಹುಡುಗ ಒಮ್ಮೆ 340 ಪೌಂಡ್ ಗೆದ್ದಾಗ ನಾಲ್ಕು ದಿನ ಇಮೇಲ್ ಬರ್ಕೊಂಡು ಕೂತಿದ್ದ. ಬಂದ ದುಡ್ಡು ಮತ್ತೆ ಒಳಗೆ ಹೋಗೋಕೆ ನಾಲ್ಕು ಸೆಕೆಂಡೂ ಬೇಕಾಗಲಿಲ್ಲ, ಬಿಡಿ.

ನಿಲ್ಲಿಸ್ಬೇಕು ಅನ್ನೋರಿಗೆ ಗ್ಯಾಮ್‌ಸ್ಟಾಪ್ ಇದೆ. ಒಂದು ಸಲ ಹೆಸರು ಕೊಟ್ರೆ ಆರು ತಿಂಗಳೋ, ಒಂದು ವರ್ಷವೋ, ಐದು ವರ್ಷವೋ ಬ್ರಿಟಿಷ್ ಲೈಸೆನ್ಸಿನ ಯಾವ ಆನ್‌ಲೈನ್ ಕಂಪನಿಯೂ ನಿಮ್ಮನ್ನ ಆಡಿಸೋ ಹಾಗಿಲ್ಲ. 2020ರ ಮಾರ್ಚ್ ಕೊನೆಯಿಂದ ಎಲ್ಲರೂ ಅದಕ್ಕೆ ಸೇರಲೇಬೇಕು. ನಿಜಕ್ಕೂ ಒಳ್ಳೇ ವ್ಯವಸ್ಥೆ, ದುಡ್ಡೂ ಕೊಡಬೇಕಿಲ್ಲ. ನಾನೇ ಪಕ್ಕದಲ್ಲಿ ಕೂತು ಅವನ ಹೆಸರು ಐದು ವರ್ಷಕ್ಕೆ ಹಾಕಿಸ್ದೆ. ಆದ್ರೆ ಇದಕ್ಕೊಂದು ನೆರಳು ಇದೆ, ಹೇಸಿಗೆ ಹುಟ್ಟಿಸೋ ನೆರಳು. 'ಗ್ಯಾಮ್‌ಸ್ಟಾಪ್‌ನಲ್ಲಿಲ್ಲದ ಕ್ಯಾಸಿನೊಗಳು' ಅಂತಲೇ ಹೆಸರಿಟ್ಟು ಬೇರೆ ಪಟ್ಟಿಗಳಿವೆ! ಲೈಸೆನ್ಸ್ ಇಲ್ಲದ ವಿದೇಶಿ ಸೈಟುಗಳು, ಕ್ರಿಪ್ಟೊ ಆಗುತ್ತೆ, ಕ್ರೆಡಿಟ್ ಕಾರ್ಡೂ ಆಗುತ್ತೆ. ಅಂಥ ಪಟ್ಟಿಯನ್ನ ಯಾರು ಹುಡುಕ್ತಾರೆ ಯೋಚಿಸಿ. ಕುಡಿತ ಬಿಡ್ತೀನಿ ಅಂತ ಆಣೆ ಮಾಡಿದವನ ಮನೆ ಎದುರೇ ಗೂಡಂಗಡಿ ಇಟ್ಟ ಹಾಗಾಯ್ತು. ಮತ್ತೆ ಆ ಪಟ್ಟಿಗಳ ತಲೆಬರಹದಲ್ಲೂ 'ಸೇಫ್' ಅನ್ನೋ ಪದ ಇರುತ್ತೆ ಮಾರಾಯ್ರೆ.

ಬಿಗಿ ಮಾಡಿದ್ರೆ ಜನ ಕಳ್ಳ ಸೈಟಿಗೆ ಹೋಗ್ತಾರೆ ಅಂತ ಕಂಪನಿಗಳು ಹೆದರಿಸೋದು ಇದನ್ನೇ ತೋರಿಸಿ. ಭಯ ಪೂರ್ತಿ ಸುಳ್ಳಲ್ಲ. ಆದ್ರೆ ಕಳ್ಳ ಸೈಟಿಗೂ ದುಡ್ಡು ಹಾರಿ ಹೋಗಲ್ಲ, ಯಾವುದಾದ್ರೂ ಕೊಳವೆಯಲ್ಲೇ ಹೋಗ್ಬೇಕು. 2025ರ ಆಗಸ್ಟ್‌ನಲ್ಲಿ ಭಾರತದ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನ ನಿಷೇಧಿಸಿದಾಗ ಬ್ಯಾಂಕುಗಳಿಗೂ ಆ ವ್ಯವಹಾರ ಮಾಡ್ಬೇಡಿ ಅಂದಿತು. ಪೂರ್ತಿ ನಿಷೇಧದ ಬಗ್ಗೆ ನಂಗೆ ಅನುಮಾನ ಇದೆ, ಅದು ಬೇರೆ ಜಗಳ. ಆದ್ರೆ ಕುತ್ತಿಗೆ ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು.

ಹಾಗಾಗಿ ನನ್ನ ಬೇಡಿಕೆ ಬ್ಯಾಂಕುಗಳ ಮುಂದೆ. ಬ್ರಿಟನ್ನಿನ ಬಹಳಷ್ಟು ಬ್ಯಾಂಕಿನ ಆ್ಯಪ್‌ನಲ್ಲಿ ಜೂಜಿನ ಪೇಮೆಂಟ್ ತಡೆಯೋ ಸ್ವಿಚ್ ಇದೆ. ಮೊಂಜೊ 2018ರಲ್ಲೇ ಕೊಟ್ಟಿತು. ಅಲ್ಲಿ ತಡೆ ತೆಗೀಬೇಕು ಅಂದ್ರೆ 48 ಗಂಟೆ ಕಾಯ್ಬೇಕು. ತಾಂತ್ರಿಕವಾಗಿ ಇದು ಸುಲಭ: ಕಾರ್ಡ್ ಜಾಲದಲ್ಲಿ ಜೂಜಿನ ವ್ಯಾಪಾರಿಗಳಿಗೆ 7995 ಅನ್ನೋ ಸಂಕೇತ ಇದೆ, ಅದು ಕಂಡ ಕೂಡಲೇ ತಡೆಯೋದು. ಆದ್ರೆ ಆ ಸ್ವಿಚ್ಚು ಹುಟ್ಟಿನಿಂದಲೇ ಆಫ್ ಆಗಿರುತ್ತೆ. ನಿಮಗೆ ಚಟ ಹತ್ತಿ, ಹತ್ತಿದ್ದು ನಿಮಗೇ ಅರ್ಥವಾಗಿ, ನಾಚಿಕೆ ನುಂಗಿ, ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ ಹುಡುಕಿ ಆನ್ ಮಾಡ್ಬೇಕು. ಉಲ್ಟಾ ಮಾಡಿ ಸ್ವಾಮಿ. ಎಲ್ಲರಿಗೂ ಮೊದಲೇ ಆನ್ ಇರಲಿ. ಆಡ್ಬೇಕು ಅನ್ನೋನು ಹೋಗಿ ಆಫ್ ಮಾಡ್ಲಿ, ಎರಡು ದಿನ ಕಾಯ್ಲಿ, ಆಮೇಲೆ ಧಾರಾಳವಾಗಿ ಆಡ್ಲಿ. ಕಾರ್ಡಿಗಷ್ಟೇ ಅಲ್ಲ, ಖಾತೆಯಿಂದ ನೇರ ಹೋಗೋ ಟ್ರಾನ್ಸ್‌ಫರ್‌ಗೂ ಇದು ಅನ್ವಯಿಸಲಿ, ಯಾಕಂದ್ರೆ ಕಾರ್ಡಿನ ಸಂಕೇತ ಅಲ್ಲಿ ಕೆಲಸ ಮಾಡಲ್ಲ. ದುಡ್ಡು ಹೊರಗೆ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೋ ಒಳಗೆ ಹೋಗೋಕೂ ಅಷ್ಟೇ ಹಿಡೀಲಿ ಅಂತಲೂ ಸೇರಿಸ್ತೀನಿ. ಕಂಪನಿಗಳು ಇದಕ್ಕೆ ಒಪ್ಪಿದ್ರೆ ನಾನು ಅವರ ವಿರುದ್ಧ ಒಂದಕ್ಷರ ಬರೆಯಲ್ಲ. ಒಪ್ಪಲ್ಲ, ಗೊತ್ತು. ಎರಡು ದಿನ ಕಾಯೋ ತಾಳ್ಮೆ ಇರೋ ಗ್ರಾಹಕ ಅವರಿಗೆ ಬೇಕಾಗಿಲ್ಲ.

ಇದನ್ನ ಓದ್ತಿರೋ ನಿಮ್ಮಲ್ಲಿ ಎಷ್ಟೋ ಜನ ನನ್ನ ಹಾಗೆ ಯಾವುದೋ ಕಂಪನಿಯ ಪೇಮೆಂಟ್ ಪೇಜಿಗೆ, ನೋಟಿಫಿಕೇಶನ್‌ಗೆ ಕೋಡ್ ಬರೀತಿರ್ತೀರಿ. ಸ್ಟೆಪ್ ಕಡಿಮೆ ಮಾಡಿ ಅಂತ ಟಿಕೆಟ್ ಬಂದಾಗ ಯಾರಿಗಾಗಿ ಅಂತ ಮೀಟಿಂಗಲ್ಲಿ ಒಂದು ಸಲ ಕೇಳಿ. ನಾನು ಕೇಳಿರಲಿಲ್ಲ.

ಹುಡುಗನ ಫೀಸಿನ ಕಂತು ಸದ್ಯಕ್ಕೆ ನಾನು ಕಟ್ಟಿದೀನಿ. ಅವರಪ್ಪಂಗೆ ಇನ್ನೂ ಗೊತ್ತಿಲ್ಲ, ಹೇಳೋದು ಅವನಿಗೆ ಬಿಟ್ಟದ್ದು. ತಿಂಗಳಿಗೆ ಐವತ್ತು ಪೌಂಡ್ ವಾಪಸ್ ಕಳಿಸ್ತೀನಣ್ಣ ಅಂದಿದ್ದ. ಈ ತಿಂಗಳದ್ದು ನಿನ್ನೆ ಬಂತು.