ಲೇತಿನ ಮೇಲಣ ಬೆಳಕು

ದಾವಣಗೆರೆಯ ಹತ್ತಿಗಿರಣಿಗಳ ಕಥೆಯನ್ನು ಹೇಳುವವರು ಬಹುಮಂದಿ ಇದ್ದಾರೆ. ಪಕ್ಕದ ಹರಿಹರದ ಲೇತುಗಳ ಮಾತನ್ನು ಎತ್ತುವವರು ಕಡಿಮೆ. 1941ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತನ್ನ ಲೇತುಗಳನ್ನು ದೇಶದ ಮೂಲೆಮೂಲೆಗೆ ಕಳುಹಿಸಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ಮುಚ್ಚಿಹೋಯಿತಾದರೂ ಕೆಲಸ ಕಲಿತ ಕೈಗಳು ಸುಮ್ಮನೆ ಕೂಡಲಿಲ್ಲ. ಹಿತ್ತಲಿನಲ್ಲಿಯೋ ತಗಡಿನ ಶೆಡ್ಡಿನಲ್ಲಿಯೋ ಹಳೆಯ ಲೇತೊಂದನ್ನು ನಿಲ್ಲಿಸಿಕೊಂಡು ಪಂಪಿನ ಶಾಫ್ಟು, ಬುಷ್ಷು, ಟ್ರಾಕ್ಟರಿನ ಪಿನ್ನು ಮಾಡಿಕೊಡುವ ಮನೆಗಳುಂಟು. ನಮ್ಮದೂ ಅಂಥದೊಂದು ಮನೆ. ಕಲಾ ವಿಭಾಗದ ವಿದ್ಯಾರ್ಥಿಗೆ ಈ ವಿಚಾರವೇಕೆಂದು ಮಿತ್ರರು ನಗಬಹುದು. ಹಗಲು ಇತಿಹಾಸವನ್ನು ಓದಿ ರಾತ್ರಿ ಚಕ್ಕಿನ ಮುಂದೆ ನಿಲ್ಲುವವನಿಗೆ ಇದು ಬೆರಳುಗಳ ಪ್ರಶ್ನೆ.

ನನ್ನ ಅಭಿಪ್ರಾಯವಿಷ್ಟೆ: ಮನೆಗೆ ಒಳ್ಳೆಯದಾದ ದೀಪವೆಲ್ಲ ಯಂತ್ರಕ್ಕೆ ಒಳ್ಳೆಯದಲ್ಲ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಿಂದ 9 ವ್ಯಾಟಿನ ಎಲ್.ಇ.ಡಿ. ಬಲ್ಬು ಬಡವರ ಮನೆಗೂ ಬಂದಿತು. ವಿದ್ಯುತ್ತಿನ ಬಿಲ್ಲು ಇಳಿಯಿತು. ಇದು ಸಂತೋಷದ ಸಂಗತಿಯೇ. ಆದರೆ ಇಂದು ಸಂತೆಯಲ್ಲಿ ಸಿಕ್ಕುವ ಅತಿ ಅಗ್ಗದ ಬಲ್ಬನ್ನು ತಂದು, ಪಡಸಾಲೆಗೊಂದು ಲೇತಿಗೊಂದು ಎಂದು ಹಂಚಿಬಿಡುವ ವಾಡಿಕೆ ಬೆಳೆದಿದೆ. ಇದು ಅಪಾಯದ ಉಳಿತಾಯ.

ಕಾರಣ ಹೀಗಿದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಪ್ರತಿಯೊಂದು ಆವರ್ತದಲ್ಲಿಯೂ ಅದು ಎರಡು ಬಾರಿ ಸೊನ್ನೆಗಿಳಿಯುತ್ತದೆ. ಹಳೆಯ ಬುರುಡೆ ದೀಪದ ತಂತಿ ಕಾದಿರುವುದರಿಂದ ಆ ಕ್ಷಣದಲ್ಲಿ ಅದರ ಬೆಳಕು ಹೆಚ್ಚು ಕುಂದದು. ಎಲ್.ಇ.ಡಿ.ಯಾದರೋ ಪ್ರವಾಹ ನಿಂತೊಡನೆ ಆರುತ್ತದೆ. ಬಲ್ಬಿನೊಳಗಿನ ಡ್ರೈವರು ಚೆನ್ನಾಗಿದ್ದರೆ ಪ್ರವಾಹವನ್ನು ಸಮಮಾಡಿ ಕೊಡುತ್ತದೆ. ಕಳಪೆಯಾದದ್ದರಲ್ಲಿ ಬೆಳಕು ಸೆಕೆಂಡಿಗೆ 100 ಬಾರಿ ಕುಣಿಯುತ್ತದೆ. ಕಣ್ಣಿಗೆ ಅದು ತಿಳಿಯುವುದೇ ಇಲ್ಲ.

ಈಗ ಮೂರು ದವಡೆಗಳ ಚಕ್ಕನ್ನು ನಿಮಿಷಕ್ಕೆ 2000 ಸುತ್ತು ತಿರುಗಿಸಿರೆಂದು ಭಾವಿಸಿ. ಒಂದು ಸೆಕೆಂಡಿನಲ್ಲಿ ಸರಿಯಾಗಿ 100 ದವಡೆಗಳು ಒಂದೇ ಸ್ಥಳವನ್ನು ದಾಟುತ್ತವೆ. ಬೆಳಕಿನ ಮಿಡಿತವೂ ನೂರೇ. ಪರಿಣಾಮವೆಂದರೆ, ತಿರುಗುತ್ತಿರುವ ಚಕ್ಕು ನಿಂತಂತೆ ಕಾಣಬಹುದು. 1000 ಸುತ್ತಿನಲ್ಲಿ ಮೂರು ದವಡೆಗಳು ಆರಾಗಿ ನಿಂತಂತೆ ತೋರುತ್ತವೆ. ವೇಗ ತುಸು ಕಡಿಮೆಯಾದರೆ ಸಿನಿಮಾದ ಗಾಡಿಯ ಚಕ್ರದಂತೆ ಹಿಂದಕ್ಕೆ ತಿರುಗಿದ ಭ್ರಮೆ. ನಿಂತಿದೆಯೆಂದು ಬಗೆದು ಕೈಯಿಟ್ಟವನ ಗತಿಯನ್ನು ವಿವರಿಸಬೇಕಾಗಿಲ್ಲ. ಚೋಕಿನ ಟ್ಯೂಬ್‌ಲೈಟುಗಳ ಕಾಲದಲ್ಲಿ ಇದೇ ದೋಷಕ್ಕಾಗಿ ದೊಡ್ಡ ಕಾರ್ಖಾನೆಗಳಲ್ಲಿ ದೀಪಗಳನ್ನು ಮೂರು ಫೇಸುಗಳಿಗೆ ಹಂಚುತ್ತಿದ್ದರು. ಮನೆಯ ಒಂದೇ ಫೇಸಿನಲ್ಲಿ ಆ ಉಪಾಯ ನಡೆಯದು. ಹಳೆಯ ಟರ್ನರುಗಳು ಹಳದಿ ಬುರುಡೆಯನ್ನು ಬಿಡಲೊಲ್ಲದಿದ್ದುದು ಬರಿಯ ಹಟವೆಂದು ನಾನು ಒಪ್ಪಲಾರೆ.

ಹಾಗೆಂದು ಬುರುಡೆಗೆ ಹಿಂದಿರುಗಬೇಕಾಗಿಲ್ಲ. ಅಂಗಡಿಯಲ್ಲಿಯೇ ಬಲ್ಬನ್ನು ಹೊತ್ತಿಸಿ ಅದರ ಕೆಳಗೆ ಒಂದು ಪೆನ್ಸಿಲನ್ನು ಬೀಸಣಿಗೆಯಂತೆ ಬೇಗಬೇಗನೆ ಆಡಿಸಿ ನೋಡಿ. ಪೆನ್ಸಿಲು ಬಿಡಿಬಿಡಿಯಾಗಿ ಹಲವು ಕಡ್ಡಿಗಳಂತೆ ಕಂಡರೆ ಅದನ್ನು ಲೇತಿಗೆ ತರಬೇಡಿ. ಒಂದೇ ಮಸುಕಾಗಿ ಹರಡಿ ಕಂಡರೆ ತರಬಹುದು. ಮೊಬೈಲಿನ ಕ್ಯಾಮೆರಾದಲ್ಲಿ ಕಪ್ಪು ಪಟ್ಟೆಗಳು ಹರಿದರೂ ಸಂಶಯಪಡತಕ್ಕದ್ದೇ. ಕಾಸು ಖರ್ಚಿಲ್ಲದ ಈ ಪರೀಕ್ಷೆಗೆ ವಿಜ್ಞಾನದ ಪದವಿ ಬೇಡ. ಅಂಗಡಿಯವನು ಹುಬ್ಬು ಗಂಟಿಕ್ಕಿದರೆ ಇಕ್ಕಲಿ.

ವ್ಯಾಟನ್ನು ಹೆಚ್ಚಿಸಿದರೆ ಸಾಕೆಂಬುದೂ ಒಂದು ಭ್ರಮೆ. ನೆತ್ತಿಯ ಮೇಲಿನ ಒಂಟಿ ಬಲ್ಬು ಎಷ್ಟು ಪ್ರಖರವಾಗಿದ್ದರೂ ಬಾಗಿದವನ ತಲೆಯ ನೆರಳು ಜಾಬಿನ ಮೇಲೆಯೇ ಬೀಳುತ್ತದೆ. ಎರಡು ಸಾಧಾರಣ ದೀಪಗಳು ಎಡಬಲದಿಂದ ಬಂದರೆ ವರ್ನಿಯರಿನ ಗೆರೆ ಸ್ಪಷ್ಟವಾಗುತ್ತದೆ. ಬಣ್ಣದ ವಿಚಾರವೂ ಉಂಟು. ಉಕ್ಕಿಗೆ ಹದ ಕೊಡುವಾಗ ಒಣಹುಲ್ಲಿನ ಬಣ್ಣ ಬಂದಿತೋ, ನೀಲಿಗೆ ತಿರುಗಿತೋ ಎಂಬುದನ್ನು ಕಣ್ಣೇ ನಿರ್ಣಯಿಸಬೇಕು. ಬಣ್ಣವನ್ನು ಸರಿಯಾಗಿ ತೋರಿಸದ ದೀಪದ ಕೆಳಗೆ ಉಳಿಯೂ ಕೆಡುತ್ತದೆ, ದಿನದ ಕೂಲಿಯೂ ಕೆಡುತ್ತದೆ. ಇನ್ನು ಯಂತ್ರದ ಮೈಗೇ ದೀಪವನ್ನು ಕಟ್ಟುವವರು ಟ್ರಾನ್ಸ್‌ಫಾರ್ಮರಿನ ಮೂಲಕ 24 ವೋಲ್ಟಿನದನ್ನು ಕಟ್ಟಲಿ. ಕೂಲೆಂಟಿನ ತೇವ, ಕತ್ತಿಯಂಥ ಉಕ್ಕಿನ ಸುರುಳಿ, ನಡುವೆ 230 ವೋಲ್ಟಿನ ವಯರು: ಇವು ಒಂದೆಡೆ ಇರಬಾರದವು.

ಇದನ್ನೆಲ್ಲ ಸರ್ಕಾರ ನೋಡಿಕೊಳ್ಳಲಿ ಎನ್ನುವವರಿದ್ದಾರೆ. 1948ರ ಕಾರ್ಖಾನೆ ಕಾಯಿದೆಯ 17ನೆಯ ವಿಧಿ ಸಾಕಷ್ಟು ಬೆಳಕಿರಬೇಕು, ಕಣ್ಣು ಕುಕ್ಕುವ ಪ್ರಭೆಯೂ ಅಪಾಯದ ನೆರಳೂ ಇರಬಾರದೆಂದು ಹೇಳಿತ್ತು. ಆದರೆ ಆ ಕಾಯಿದೆಯ ಪ್ರಕಾರ ವಿದ್ಯುತ್ತಿನಿಂದ ಕೆಲಸ ನಡೆಯುವಲ್ಲಿ ಸಾಮಾನ್ಯವಾಗಿ ಹತ್ತು ಮಂದಿ ಇದ್ದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. ತಂದೆಮಗ ಇಬ್ಬರೇ ದುಡಿಯುವ ಶೆಡ್ಡಿಗೆ ಯಾವ ಇನ್ಸ್‌ಪೆಕ್ಟರು ಬಂದಾನು? ಅಲ್ಲಿ ದೀಪವನ್ನು ಕೊಳ್ಳುವವನೇ ಇನ್ಸ್‌ಪೆಕ್ಟರು.

ಒಳ್ಳೆಯ ದೀಪಕ್ಕೆ ಹಣವೆಲ್ಲಿ ಎಂಬ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜಾಬಿನ ಕೂಲಿ ಎಷ್ಟೆಂಬುದು ನನಗೆ ಗೊತ್ತು. ಶೆಡ್ಡಿನ ಎಲ್ಲಾ ದೀಪಗಳನ್ನೂ ಒಮ್ಮೆಗೇ ಬದಲಿಸಬೇಕಾಗಿಲ್ಲ. ಬಾಗಿಲಿನದು, ಸಾಮಾನಿನ ಮೂಲೆಯದು ಹಾಗೆಯೇ ಇರಲಿ. ಮೊದಲು ಚಕ್ಕಿನ ಮೇಲಿನದನ್ನು, ಅನಂತರ ಗ್ರೈಂಡರಿನ ಮೇಲಿನದನ್ನು ಬದಲಿಸಿದರಾಯಿತು.