28 ದಿನದ ತಿಂಗಳು

ಪಗಾರ ಕೊಡುವ ಸರಕಾರಕ್ಕೂ ಬಡ್ಡಿ ಎಣಿಸುವ ಸಾಹುಕಾರನಿಗೂ ತಿಂಗಳೆಂದರೆ 30 ದಿನ. ಮೊಬೈಲ್ ಕಂಪನಿಗೆ ಮಾತ್ರ 28. ಹೀಗೆ ಕರಜಗಿಯ ಕೂಲಿಕಾರ ವರ್ಷಕ್ಕೆ 13 ಸಲ ರಿಚಾರ್ಜ್ ಮಾಡಿಸಬೇಕು! 30 ದಿನದ ಪ್ಲ್ಯಾನು ಒಂದಾದರೂ ಇರಲೇಬೇಕೆಂದು 2022ರ ಜನವರಿಯಲ್ಲಿ ಟ್ರಾಯ್ ಆಜ್ಞೆ ಮಾಡಿದೆ. ಅಂಗಡಿಯಲ್ಲಿ ಅದನ್ನು ಕೇಳಿ ಪಡೆಯಿರಿ.

ಸರಿಬರದಿದ್ದರೆ ಕಂಪನಿ ಬದಲಿಸಿರೆನ್ನುತ್ತಾರೆ. ನಂಬರು ಉಳಿಸಿಕೊಂಡೇ ಬದಲಿಸುವ ಹಕ್ಕು 2011ರ ಜನವರಿಯಿಂದ ದೇಶಕ್ಕೆಲ್ಲ ಇದೆ, ನಿಜ. ಆದರೆ 2024ರ ಜುಲೈ ಮೊದಲ ವಾರದಲ್ಲಿ ಜಿಯೋ, ಏರ್‌ಟೆಲ್, ವಿಐ ಮೂರೂ ದರ ಏರಿಸಿದವು. ಸಂತೆಯ ವ್ಯಾಪಾರಿಗಳೆಲ್ಲ ಒಂದೇ ತಕ್ಕಡಿ ಹಿಡಿದರೆ ಗಿರಾಕಿಯ ಆಯ್ಕೆಗೆ ಏನರ್ಥ? ಆಗ ಏರಿಸದೆ ನಿಂತದ್ದು ಸರಕಾರದ ಬಿಎಸ್‌ಎನ್‌ಎಲ್. ಆ ತಿಂಗಳು ಲಕ್ಷಗಟ್ಟಲೆ ಜನ ಅದರತ್ತ ಹೊರಳಿದರು. ಸಾರ್ವಜನಿಕ ಸಂಸ್ಥೆಯೊಂದು ಉಳಿದಿರುವುದರ ಬೆಲೆ ಅಂದು ತಿಳಿಯಿತು.

ಹಾಗೆಂದು ಕಣ್ಣು ಮುಚ್ಚಿ ಹೊರಳಬೇಡಿರಿ. ಅಗ್ಗದ ಸಿಮ್ಮಿಗೆ ಸಿಗ್ನಲ್ಲೇ ಇಲ್ಲದಿದ್ದರೆ ಪುಣೆಗೆ ದುಡಿಯಹೋದ ಮಗನ ಕರೆ ತಾಯಿಗೆ ತಲುಪದು. ಮನೆಯೊಳಗೂ ಹೊಲದಲ್ಲೂ ನೆರೆಯವರ ಫೋನು ಹಿಡಿದು ನೋಡಿರಿ. ಒಮ್ಮೆ ಹೋದರೆ 90 ದಿನ ಮತ್ತೆ ಬದಲಿಸುವಂತಿಲ್ಲ. ಹಳೆಯ ರಿಚಾರ್ಜಿನ ಉಳಿಕೆಯೂ ಜತೆಗೆ ಬಾರದು. ಆದಕಾರಣ ಅವಧಿ ತೀರಲು ಮೂರ್ನಾಲ್ಕು ದಿನವಿರುವಾಗ 1900ಕ್ಕೆ ಪೋರ್ಟ್ ಸಂದೇಶ ಕಳಿಸಿರಿ.